ಕೇಳದೆ ಹೆಣೆದ ಬ್ಯಾಟು

ರಾಣೆಬೆನ್ನೂರಿನ ಹಳೇ ಪೇಟೆಯಲ್ಲಿ ಅಲ್ಲಾಬಕ್ಷನ ಅಂಗಡಿಗೆ ಹೊರಸು ಹೆಣೆಸಲು ಹೋಗುವವರು ಒಂದು ಪಂಚನಾಮೆಗೆ ಸಿದ್ಧರಾಗಿಯೇ ಹೋಗಬೇಕಿತ್ತು. ಮಲಗುವವರು ಯಾರು, ವಯಸ್ಸೆಷ್ಟು, ಬೆನ್ನು ನೋವು ಉಂಟೋ, ಅಂಗಾತ ಮಲಗುತ್ತಾರೋ ಮಗ್ಗುಲಾಗಿಯೋ, ಎಲ್ಲ ಹೇಳಿದ ಮೇಲೆಯೇ ಅವನು ನುಲಿ ಹಗ್ಗಕ್ಕೆ ಕೈ ಹಾಕುವುದು. "ಸಾಬರ, ಹೊರಸು ಹೆಣೀರಿ ಅಂದ್ರ ಕನ್ಯಾ ನೋಡಾಕ ಬಂದವ್ರಂಗ ಕೇಳ್ತೀರಲ್ರಿ" ಎಂದು ಜನ ನಗುತ್ತಿದ್ದರು. ಅವನೂ ನಗುತ್ತಿದ್ದ, ಆದರೆ ಕೇಳುವುದನ್ನು ಬಿಡುತ್ತಿರಲಿಲ್ಲ. ಬೆನ್ನು ಬಾಗಿದ ಮುದುಕರಿಗೆ ಒತ್ತಾಗಿ, ಬಿಗಿಯಾಗಿ ಹೆಣೆಯಬೇಕು. ಬಾಣಂತಿಯ ಹೊರಸಾದರೆ ಅಗಲ ಅಗಲ ಸಂದು ಬಿಡಬೇಕು, ಕೆಳಗಿಟ್ಟ ಕೆಂಡದ ಕಾವು ಮೇಲೆ ಬಂದು ಬೆನ್ನಿಗೆ ತಾಗಬೇಕಲ್ಲ. ಮೂವತ್ತು ವರ್ಷ ಹೀಗೆ ಹೆಣೆದೂ ಹೆಣೆದೂ, ಹೆಂಗಸಿನ ಹೊರಸು ಎಂದರೆ ಸಾಕು, ಅವನ ಕೈ ತಾನಾಗಿಯೇ ಸಂದು ಅಗಲ ಮಾಡುತ್ತಿತ್ತು. ಈ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಹೊರಸಿನ ಸಾಬರಿಗೂ ಟೆನಿಸ್ ಬ್ಯಾಟಿಗೂ ಎಲ್ಲಿಯ ನಂಟು ಎಂದು ಕೇಳಬಹುದು. ನಂಟು ತಂದವನು ತಿರಕಪ್ಪ. ಕುಮಾರಪಟ್ಟಣದ ಕಾರ್ಖಾನೆ ಕಾಲೊನಿಯ ಕ್ಲಬ್ಬಿನಲ್ಲಿ ಅವನು ಮಾರ್ಕರ್ ಆಗಿದ್ದ. ಅಂಕಣಕ್ಕೆ ನೀರು ಹೊಡೆಯುವುದು, ಸುಣ್ಣದ ಗೆರೆ ಎಳೆಯುವುದು, ಜೊತೆ ಸಿಗದ ಸಾಹೇಬರ ಎದುರು ನಿಂತು ಆಡಿ ಹದವಾಗಿ ಸೋಲುವುದು, ಬ್ಯಾಟಿನ ಹರಿದ ಎಳೆ ಬಿಚ್ಚಿ ಹೊಸ ಗಟ್ ಹಾಕುವುದು ಎಲ್ಲ ಅವನದೇ ಕೆಲಸ. ಕಣ್ಣಿಗೆ ಪೊರೆ ಬಂದು ಬ್ಯಾಟಿನ ಸಣ್ಣ ತೂತು ಕಾಣದಂತಾದಾಗ, ಕ್ಲಬ್ಬಿನವರು ಮೂಲೆಗೆಸೆದ ಹಳೇ ಮಷಿನ್ ಒಂದನ್ನು ಹೊತ್ತು ತಂದು ಅಲ್ಲಾಬಕ್ಷನ ಮುಂದಿಟ್ಟ. "ನೀ ನುಲಿ ಎಳೀತಿ, ಇಲ್ಲಿ ಗಟ್ ಎಳಿ. ಎರಡೂ ಒಂದ ವಿದ್ಯಾ" ಎಂದ. ಮಷಿನ್ನಿಗೆ ಒಂದು ಕಬ್ಬಿಣದ ತೋಳು, ತೋಳಿನಲ್ಲಿ ಹಿಂದೆ ಮುಂದೆ ಸರಿಯುವ ಒಂದು ಭಾರದ ಗುಂಡು. ಗುಂಡು ದೂರ ಸರಿದಷ್ಟೂ ಗಟ್ ಬಿಗಿ. ಪೇಟೆಯ ಜನ ಅದಕ್ಕೆ ತಕ್ಕಡಿ ಮಷಿನ್ ಎಂದು ಹೆಸರಿಟ್ಟರು.

ಅಲ್ಲಾಬಕ್ಷನಿಗೆ ಆ ವಿದ್ಯೆ ಹದಿನೈದು ದಿನದಲ್ಲಿ ಬಂತು. ಬ್ಯಾಟಿನ ಉದ್ದ ಎಳೆಗೆ ಹಾಸು ಅಂದ, ಅಡ್ಡ ಎಳೆಗೆ ಹೊಕ್ಕು ಅಂದ. ಕೆಲವು ಬ್ಯಾಟಿಗೆ ಹದಿನಾರು ಹಾಸು, ಹತ್ತೊಂಬತ್ತು ಹೊಕ್ಕು; ಅದು ಅಗಲ ಹೆಣಿಕೆ. ಕೆಲವಕ್ಕೆ ಹದಿನೆಂಟು ಹಾಸು, ಇಪ್ಪತ್ತು ಹೊಕ್ಕು. ಅದು ಒತ್ತು ಹೆಣಿಕೆ. ಇದು ಬ್ಯಾಟಿನ ತೂತುಗಳಲ್ಲೇ ಬರೆದು ಬಂದ ಹಣೆಬರಹ, ಹೆಣೆಯುವವನಿಗೆ ತಿದ್ದಲು ಬರುವುದಿಲ್ಲ. ಆದ್ದರಿಂದ ಬ್ಯಾಟು ಆರಿಸುವಾಗಲೇ ಆಡುವವನ ಕೈ ನೋಡಿ ಆರಿಸಬೇಕು. ಅಗಲ ಹೆಣಿಕೆ ಚೆಂಡನ್ನು ಚಿಮ್ಮಿ ಒಗೆಯುತ್ತದೆ. ಕೈಯಲ್ಲಿ ಕಸುವು ಕಡಿಮೆ ಇದ್ದವರಿಗೆ, ಚೆಂಡನ್ನು ಕೆಳಗಿನಿಂದ ಮೇಲಕ್ಕೆ ಸವರಿ ಗಿರಗಿರ ತಿರುಗಿಸುವವರಿಗೆ ಅದು ಸರಿ. ನೇರವಾಗಿ, ಜೋರಾಗಿ ಬಾರಿಸುವವರಿಗೆ ಒತ್ತು ಹೆಣಿಕೆಯೇ ಬೇಕು, ಇಲ್ಲವಾದರೆ ಚೆಂಡು ಗೆರೆ ದಾಟಿ ಹೋಗುತ್ತದೆ.

ಹಾಗಾಗಿ ಬ್ಯಾಟಿನವರಿಗೂ ಹೊರಸಿನವರಿಗೆ ಆದ ಪಂಚನಾಮೆಯೇ. "ಹೆಂಗ ಹೊಡೀತೀರಿ? ತೋರಸ್ರಿ." ಊರಿನ ಡಾಕ್ಟರು, ವಕೀಲರು, ಬೀಜದ ಅಂಗಡಿಯ ಮಾಲಕರು ಓಣಿಯಲ್ಲಿ ನಿಂತು ಖಾಲಿ ಕೈ ಬೀಸುತ್ತಿದ್ದರು. ಒಮ್ಮೆ ಒಬ್ಬ ವಕೀಲರ ಕೈ ತಾಗಿ ಚಹದ ಹುಡುಗನ ತಟ್ಟೆ ಹಾರಿ, ಓಣಿಯೆಲ್ಲ ಚಹ ಆಯಿತು. ಅಲ್ಲಾಬಕ್ಷ ಮಾತ್ರ ಗಂಭೀರವಾಗಿ, "ಆತ್ರಿ, ತಿಳೀತು. ನಿಮಗ ಅಗಲ ಹೆಣಿಕಿ" ಎಂದ. ಅವನು ಕೇಳದೆ ಹೆಣೆಯುವುದಿಲ್ಲ, ಹೆಣೆದದ್ದು ತಪ್ಪುವುದಿಲ್ಲ ಎಂಬ ಮಾತು ಹಾವೇರಿಯ ತನಕ ಹಬ್ಬಿತ್ತು. ಆ ಹೆಸರು ಅವನಿಗೆ ಹಬ್ಬದ ಹೊಸ ಅಂಗಿಗಿಂತ ಹೆಚ್ಚಿನ ಖುಷಿ ಕೊಡುತ್ತಿತ್ತು. ಹೆಸರು ದೊಡ್ಡದಾದಷ್ಟೂ ಅದನ್ನು ಕಾಯುವ ಕೆಲಸವೂ ದೊಡ್ಡದು ಎಂಬುದು ಅವನಿಗೆ ಆಗ ತಿಳಿದಿರಲಿಲ್ಲ.

ಎರಡು ಸಾವಿರದ ನಾಲ್ಕನೇ ಇಸವಿ, ದೀಪಾವಳಿ ಮುಗಿದಿತ್ತು. ಕುಮಾರಪಟ್ಟಣದ ಕಾಲೊನಿಯಿಂದ ವರ್ಗವಾಗಿ ಹೊರಟ ಸಾಹೇಬರೊಬ್ಬರು ತಮ್ಮ ಎರಡು ಬ್ಯಾಟು ತಂದು, "ಆಡೋರಿಗೆ ಕೊಟ್ಟುಬಿಡಿ" ಎಂದು ಅಲ್ಲಾಬಕ್ಷನಿಗೆ ಕೊಟ್ಟು ಹೋದರು. ಒಂದೇ ಕಂಪನಿ, ಒಂದೇ ತೂಕ, ಒಂದೇ ನೀಲಿ ಬಣ್ಣ. ವ್ಯತ್ಯಾಸ ಹೆಣಿಕೆಯಲ್ಲಿ ಮಾತ್ರ: ಒಂದು ಅಗಲ, ಒಂದು ಒತ್ತು. ಹೊಸ ಗಟ್ ಹಾಕಿ ಎರಡನ್ನೂ ಮೊಳೆಗೆ ತೂಗು ಹಾಕಿದ.

ತಿರಕಪ್ಪ ಅಷ್ಟರಲ್ಲಿ ಕಾಲೊನಿಯ ಕೆಲಸ ಬಿಟ್ಟು, ಕಣ್ಣು ಮಾಡಿಸಿಕೊಂಡು, ರಾಣೆಬೆನ್ನೂರಿನ ಕ್ಲಬ್ಬಿನ ಒಂದೇ ಒಂದು ಅಂಕಣಕ್ಕೆ ಸಗಣಿ ಸಾರಿಸಿಕೊಂಡಿದ್ದ. ಅವನೇ ಬ್ಯಾಡಗಿಯ ಪರಮೇಶಪ್ಪನಿಗೆ ಸುದ್ದಿ ಮುಟ್ಟಿಸಿದ. ಪರಮೇಶಪ್ಪ ಮೆಣಸಿನಕಾಯಿ ಚೀಲ ಇಡುವ ಕೋಲ್ಡ್ ಸ್ಟೋರೇಜೊಂದರ ಮೇಲ್ವಿಚಾರಕ. ಅವನ ಮಗಳು ಸುರೇಖಾ ರಾಣೆಬೆನ್ನೂರಿನ ಕಾಲೇಜಿಗೆ ಬಸ್ಸಿನಲ್ಲಿ ಬರುತ್ತಿದ್ದಳು. ಬೆಳಿಗ್ಗೆ ಕ್ಲಬ್ಬಿನ ಗಂಡಸರು ಬರುವ ಮುಂಚೆ ತಿರಕಪ್ಪನ ಎದುರು ಒಂದು ತಾಸು ಆಡಿ, ಆಮೇಲೆ ಕ್ಲಾಸಿಗೆ ಹೋಗುತ್ತಿದ್ದಳು. ಮುಂದಿನ ತಿಂಗಳು ಧಾರವಾಡದಲ್ಲಿ ವಿಶ್ವವಿದ್ಯಾಲಯದ ಹುಡುಗಿಯರ ತಂಡಕ್ಕೆ ಆಯ್ಕೆ ಇತ್ತು. ಅವಳ ಕೈಯಲ್ಲಿದ್ದದ್ದು ಮಾತ್ರ ಸೀಳು ಬಿಟ್ಟ ಒಂದು ಹಳೇ ಕಟ್ಟಿಗೆಯ ಬ್ಯಾಟು.

ಒಂದು ದಿನ ಅಪ್ಪ ಮಗಳು ಅಲ್ಲಾಬಕ್ಷನ ಅಂಗಡಿಗೆ ಬಂದರು. ಅಪ್ಪ ಒಳಗೆ ಬಂದು ಕುಳಿತ, ಮಗಳು ಮೆಟ್ಟಿಲ ಮೇಲೆ ನಿಂತಳು. ಅಲ್ಲಾಬಕ್ಷ ಒಮ್ಮೆ ತಲೆ ಎತ್ತಿ ನೋಡಿದ. ಸಣ್ಣ ಮೈ, ಎರಡು ಜಡೆ, ಎದೆಗವಚಿಕೊಂಡ ನೋಟ್‌ಬುಕ್ಕು. ಅವನ ಕೈ ಅಗಲ ಹೆಣಿಕೆಯ ಬ್ಯಾಟಿಗೆ ಹೋಯಿತು. ಯಾರೂ ಕೈಯನ್ನು ಕಳಿಸಿರಲಿಲ್ಲ, ಅದೇ ಹೋಯಿತು.

"ಹೆಣ್ಣಕೂಸಿಗೆ ಇದ ಛಲೋ ಪರಮೇಶಪ್ಪಾರ. ಹಗರಕ ಹೊಡದ್ರೂ ಚೆಂಡು ಓಡತೈತಿ."

"ನಿಮಗ ತಿಳಿಲಾರದ್ದು ಏನೈತ್ರಿ ಸಾಬರ" ಎಂದ ಪರಮೇಶಪ್ಪ.

ಹುಡುಗಿ ಏನೋ ಹೇಳಲು ಬಾಯಿ ತೆರೆದಳು. ದೊಡ್ಡವರಿಬ್ಬರು ಮಾತು ಮುಗಿಸಿದ್ದು ಕಂಡು ಬಾಯಿ ಮುಚ್ಚಿಕೊಂಡಳು. ಆ ತೆರೆದು ಮುಚ್ಚಿದ ಬಾಯಿ ಅಲ್ಲಾಬಕ್ಷನಿಗೆ ಆಗ ಕಾಣಲಿಲ್ಲ. ಮುಂದೆ ನಾಲ್ಕು ವರ್ಷ ಅದೊಂದೇ ಕಾಣುತ್ತಿತ್ತು.

ಒಂದು ಮಾತು ಕೇಳಿದ್ದರೆ ಗೋಡೆಯ ಕಥೆ ಹೊರಬರುತ್ತಿತ್ತು. ಸುರೇಖಾ ಆಟ ಕಲಿತದ್ದು ಮನುಷ್ಯರ ಎದುರಿಗಲ್ಲ, ಕೋಲ್ಡ್ ಸ್ಟೋರೇಜಿನ ಹಿಂಬದಿಯ ಗೋಡೆಯ ಎದುರಿಗೆ. ಕಿಟಕಿ ಇಲ್ಲದ, ಎರಡಾಳು ಮೂರಾಳೆತ್ತರದ ಗೋಡೆ. ಸೀಮೆಸುಣ್ಣದಿಂದ ಅದರ ಮೇಲೆ ಒಂದು ಗೆರೆ ಎಳೆದು, ಅಪ್ಪ ಲಾರಿ ಖಾಲಿ ಮಾಡಿಸುವಷ್ಟು ಹೊತ್ತು ಚೆಂಡು ಬಾರಿಸುತ್ತಿದ್ದಳು. ಗೋಡೆಯ ಹತ್ತಿರ ಹೆಣ್ಣು ಗಂಡು ಎಂಬ ಭೇದ ಇಲ್ಲ. ಎಷ್ಟು ಜೋರು ಕೊಟ್ಟರೆ ಅಷ್ಟೇ ಜೋರು ತಿರುಗಿ ಕೊಡುತ್ತದೆ. ಎಂಟು ವರ್ಷ ಅದರೊಡನೆ ಆಡಿ ಅವಳ ಹೊಡೆತ ಅದರ ಹಾಗೆಯೇ ಚಪ್ಪಟೆ, ನೇರ, ಗಟ್ಟಿ ಆಗಿತ್ತು. ಒತ್ತು ಹೆಣಿಕೆಯ ಬ್ಯಾಟು ಅವಳಿಗಾಗಿಯೇ ಮೊಳೆಯಲ್ಲಿ ತೂಗುತ್ತಿತ್ತು ಎನ್ನಬೇಕು.

ಆ ಸಂಜೆಯೇ ಪ್ರವೀಣಕುಮಾರ ಬಂದ. ಊರಿಗೆ ಹೊಸದಾಗಿ ಬಂದ ಬ್ಯಾಂಕಿನ ಸಾಹೇಬ. ಅವನಿಗೆ ಸ್ಟೂಲು ಬಂತು, ಚಹ ಬಂತು, ಅರ್ಧ ತಾಸಿನ ವಿಚಾರಣೆಯೂ ಆಯಿತು. "ಹೆಂಗ ಹೊಡೀತೀರಿ ಸಾಹೇಬ್ರ?" ಎಂದರೆ, "ನಾ ಹೊಡದ್ರ ಗ್ವಾಡಿ ಒಡೀಬೇಕು" ಎಂದ. ಅಲ್ಲಾಬಕ್ಷ ಒತ್ತು ಹೆಣಿಕೆಯದನ್ನು ಕೊಟ್ಟ. ಆಮೇಲೊಮ್ಮೆ ಕ್ಲಬ್ಬಿಗೆ ಹೋದಾಗ ನೋಡಿದರೆ, ಆ ಪುಣ್ಯಾತ್ಮ ಚೆಂಡಿನ ಮೈಮೇಲಿನ ಧೂಳು ಕೊಡವಿದಂತೆ ಆಡುತ್ತಿದ್ದ.

ಎಂಟು ದಿನಕ್ಕೆ ಸುರೇಖಾ ಒಬ್ಬಳೇ ಬಂದಳು. ಅಂಗಡಿಯಲ್ಲಿ ಪ್ರವೀಣಕುಮಾರ ತನ್ನ ಬ್ಯಾಟನ್ನು ತೊಡೆಯ ಮೇಲೆ ಇಟ್ಟುಕೊಂಡು ಚಹ ಕುಡಿಯುತ್ತಿದ್ದ. ಇನ್ನಿಬ್ಬರು ಪೇಟೆಯವರೂ ಕುಳಿತಿದ್ದರು.

"ಕಾಕಾ, ಚೆಂಡು ಗೆರಿ ಬಿಟ್ಟು ಒಂದು ಗೇಣು ಹೊರಗ ಬೀಳಾಕತ್ತೈತ್ರಿ. ದಿನಾ ಹಂಗ ಆಗತೈತಿ. ಹಳೇ ಬ್ಯಾಟಿನಾಗ ಹಿಂಗ ಆಗ್ತಿರಲಿಲ್ಲರಿ."

ಅಲ್ಲಾಬಕ್ಷ ಬ್ಯಾಟು ಇಸಿದುಕೊಂಡು ಬೆಳಕಿಗೆ ಹಿಡಿದ. ಎಳೆಗಳು ಸುಳ್ಳು ಹೇಳುವುದಿಲ್ಲ. ಚೆಂಡು ತಿರುಗಿಸುವವರ ಬ್ಯಾಟಿನಲ್ಲಿ ಹಾಸು ಅತ್ತಿತ್ತ ಸರಿದಿರುತ್ತದೆ, ಎಳೆ ಎಳೆಗೆ ಗಾಯ ಬಿದ್ದಿರುತ್ತದೆ. ಇವಳ ಹಾಸು ಒಂದು ಕೂದಲೆಳೆಯಷ್ಟೂ ಕದಲಿರಲಿಲ್ಲ. ನಟ್ಟ ನಡುವೆ ಒಂದು ರೂಪಾಯಿ ನಾಣ್ಯದಷ್ಟು ಕಪ್ಪು ಗುರುತು, ಎಲ್ಲ ಹೊಡೆತವೂ ಅಲ್ಲೇ. ಊರಿನ ಯಾವ ಗಂಡಸಿನ ಬ್ಯಾಟಿನಲ್ಲೂ ಇಂಥ ಗುರುತನ್ನು ಅವನು ಕಂಡಿರಲಿಲ್ಲ. ತಾನು ಬಾಣಂತಿಯ ಹೊರಸು ಹೆಣೆದು ಪೈಲ್ವಾನನಿಗೆ ಕೊಟ್ಟಿದ್ದೇನೆ ಎಂದು ತಿಳಿಯಿತು.

ಬೇಕಾದ ಬ್ಯಾಟು ಎರಡು ಮೊಳದ ದೂರದಲ್ಲಿ ಪ್ರವೀಣಕುಮಾರನ ತೊಡೆಯ ಮೇಲಿತ್ತು. "ತಪ್ಪಾತು ತಂಗಿ, ನಾ ಕೇಳಲಿಲ್ಲ. ಸಾಹೇಬ್ರ, ಇಬ್ಬರೂ ಬದಲಿ ಮಾಡ್ಕೊಳ್ರಿ" ಎಂದರೆ ಮುಗಿಯುತ್ತಿತ್ತು. ಆದರೆ ನಾಲ್ಕು ಜನರ ಮುಂದೆ ಒಬ್ಬ ಹುಡುಗಿಗೆ ಅಲ್ಲಾಬಕ್ಷ ತಪ್ಪಾತು ಎನ್ನುವುದೆಂದರೆ! ಅವನು ಬ್ಯಾಟನ್ನು ತಿರುಗಿ ಕೊಟ್ಟ.

"ಗಟ್ ಸರಿ ಐತಿ ತಂಗಿ. ಕೈ ಹಗರ ಮಾಡು. ಹೆಣ್ಮಕ್ಕಳು ಅಷ್ಟ್ಯಾಕ ಜೋರ ಹೊಡೀಬೇಕು?"

"ಕುಣಿಯಾಕ ಬಾರದಾಕಿ ನೆಲಾ ಡೊಂಕ ಅಂದ್ಲಂತ" ಎಂದು ಪ್ರವೀಣಕುಮಾರ ನಕ್ಕ. ಉಳಿದಿಬ್ಬರೂ ನಕ್ಕರು. ನೆಲ ಖರೇ ಡೊಂಕಿತ್ತು, ಅದನ್ನು ಡೊಂಕು ಮಾಡಿದವನೂ ಅಲ್ಲೇ ಕುಳಿತಿದ್ದ, ಅವನೂ ನಕ್ಕ.

ಸುರೇಖಾ ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ. "ಆತ್ರಿ ಕಾಕಾ" ಎಂದಳು. ಅವಳು ನಂಬಿದ್ದಳು. ಜಗಳ ಆಡಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಚೆಂಡು ಅಷ್ಟು ಚಿಮ್ಮದಂತೆ ಗಟ್ಟನ್ನು ಇನ್ನೊಂದಿಷ್ಟು ಬಿಗಿ ಮಾಡಿ ಕೊಟ್ಟಿದ್ದರೂ ಅರ್ಧ ದೋಷ ಹೋಗುತ್ತಿತ್ತು. ಅದನ್ನೂ ಮಾಡಲಿಲ್ಲ, ಮಾಡಿದರೆ ತಪ್ಪು ಒಪ್ಪಿಕೊಂಡಂತೆ ಆಗುತ್ತದಲ್ಲ ಎಂದು.

ಮುಂದಿನ ವಾರ ಕ್ಲಬ್ಬಿನ ಬೇಲಿಯ ಹೊರಗೆ ಸೈಕಲ್ ನಿಲ್ಲಿಸಿ ನೋಡಿದ. ಅವಳು ಕೈ ಹಗುರ ಮಾಡಿದ್ದಳು. ಚೆಂಡನ್ನು ಕೂಸಿನ ಬೆನ್ನು ತಟ್ಟಿದಂತೆ ತಟ್ಟುತ್ತಿದ್ದಳು. ಚೆಂಡು ಗೆರೆಯೊಳಗೇ ಬೀಳುತ್ತಿತ್ತು, ಆದರೆ ಎದುರಿನವರು ಕಣ್ಣು ಮುಚ್ಚಿ ಹೊಡೆಯಬಹುದಾದಷ್ಟು ಮೆತ್ತಗೆ. ಸಾಬರು ಕೇಳಿಯೇ ಕೊಟ್ಟಿರುತ್ತಾರೆಂದು ಬ್ಯಾಟನ್ನು ತಿರುಗಿಸಿಯೂ ನೋಡಿರದ ತಿರಕಪ್ಪ ಅಂಕಣದ ಆಚೆ ನಿಂತು, "ಯಾಕಬೇ, ಮೈಯಾಗ ಆರಾಮಿಲ್ಲೇನು?" ಎಂದು ಕೂಗಿದ. ಅಲ್ಲಾಬಕ್ಷ ಸೈಕಲ್ ಹತ್ತಿ ಹೊರಟುಬಿಟ್ಟ.

ಧಾರವಾಡದಲ್ಲಿ ಅವಳು ಮೊದಲನೇ ಆಟದಲ್ಲೇ ಸೋತಳು. ಸುದ್ದಿ ತಂದವನು ಪರಮೇಶಪ್ಪನೇ. ಕೈಯಲ್ಲಿ ಒಂದು ಚೀಲ ಬ್ಯಾಡಗಿ ಮೆಣಸಿನಕಾಯಿ, ಗೆರೆ ಗೆರೆ ಬಿದ್ದ ಕಡುಗೆಂಪು ಕಾಯಿ.

"ಬ್ಯಾಟು ನೋಡಿ ಅಲ್ಲಿಯವ್ರೆಲ್ಲಾ ಛಲೋ ಐತಿ ಅಂದ್ರು ಸಾಬರ. ಇವಳ ಕೈ ಸಾಲಲಿಲ್ಲ, ಏನ್ಮಾಡೂದು. ನಿಮ್ಮ ಉಪಕಾರ ಮರಿಯಾಂಗಿಲ್ಲ."

ಅಲ್ಲಾಬಕ್ಷ ಚೀಲ ಇಸಿದುಕೊಂಡ. ಬೇಡ ಎನ್ನಲು ಒಂದು ಕಾರಣ ಹೇಳಬೇಕಿತ್ತು, ಕಾರಣ ಹೇಳುವ ಬಾಯಿ ಇರಲಿಲ್ಲ. ಹೆಂಡತಿ ಜೈತೂನಬಿ ಕಾಯಿಯ ಬಣ್ಣಕ್ಕೆ ಮನಸೋತು ಅಂದೇ ಮಸಾಲೆ ಅರೆದಳು. ಸಾರು ನೋಡಿದರೆ ಹೊಟ್ಟೆ ತುಂಬಬೇಕು, ಹಾಗಿತ್ತು. ಮೂರನೇ ತುತ್ತಿಗೆ ಅವನು ತಟ್ಟೆ ಸರಿಸಿದ. "ಈ ಕಾಯಾಗ ಖಾರನ ಇಲ್ಲ, ಯಾಕ ಕಣ್ಣಾಗ ನೀರು?" ಎಂದು ಜೈತೂನಬಿ ಕೇಳಿದಳು. ಅವನು ಎದ್ದು ಕೈ ತೊಳೆದ.

ಅಂದಿನಿಂದ ಅವನು ಇನ್ನೂ ಹೆಚ್ಚು ಕೇಳತೊಡಗಿದ. ಜನ ಇನ್ನೂ ಹೆಚ್ಚು ಹೊಗಳಿದರು. ಯಾರಾದರೂ "ಸಾಬರು ಕೇಳದ ಹೆಣಿಯಾಂಗಿಲ್ಲ" ಎಂದಾಗಲೆಲ್ಲ ಅವನು ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಳ್ಳುವಂತಾಗುತ್ತಿತ್ತು. ಎರಡು ವರ್ಷಕ್ಕೆ ಪ್ರವೀಣಕುಮಾರನಿಗೆ ವರ್ಗವಾಯಿತು. ಆಟ ಬಿಟ್ಟು ಆಗಲೇ ವರ್ಷವಾಗಿದ್ದ ಆ ಸಾಹೇಬ ಬ್ಯಾಟನ್ನು ತಂದು ಅಂಗಡಿಗೇ ಕೊಟ್ಟು ಹೋದ. ಅಲ್ಲಾಬಕ್ಷ ಅದಕ್ಕೆ ಇದ್ದುದರಲ್ಲಿ ಒಳ್ಳೆಯ ಗಟ್ ಹಾಕಿ, ಜೈತೂನಬಿಯ ಹಳೇ ದುಪಟ್ಟಾ ಸುತ್ತಿ, ಮೇಲಿನ ಮೊಳೆಗೆ ತೂಗು ಹಾಕಿದ. ಬ್ಯಾಡಗಿಗೆ ಬಸ್ಸೆಷ್ಟೋ ಇದ್ದವು. ಪ್ರತಿ ಶುಕ್ರವಾರ ನಮಾಜು ಮುಗಿಸಿ ಬರುವಾಗ, ಇವತ್ತು ಹೋಗಿ ಕೊಟ್ಟು ಬರಬೇಕು ಎಂದುಕೊಳ್ಳುತ್ತಿದ್ದ. ಏನೆಂದು ಹೇಳಿ ಕೊಡುವುದು? ಮಳೆಗಾಲ ಎರಡು ಕಳೆದವು. ಗಟ್ ಸಡಿಲಾದಾಗ ಬಿಚ್ಚಿ ಹೊಸದು ಹಾಕುತ್ತಿದ್ದ, ಮತ್ತೆ ತೂಗು ಹಾಕುತ್ತಿದ್ದ. ಹೊರಸಿನ ಕೆಲಸ ಅಷ್ಟರಲ್ಲಿ ಹೆಚ್ಚು ಕಡಿಮೆ ನಿಂತೇ ಹೋಗಿತ್ತು, ಬಾಣಂತಿಯರೂ ಕಬ್ಬಿಣದ ಮಂಚಕ್ಕೆ ಹೋಗಿದ್ದರು.

ಎರಡು ಸಾವಿರದ ಒಂಬತ್ತರ ಸಂಕ್ರಾಂತಿ ಕಳೆದ ಮೇಲೆ ತಿರಕಪ್ಪ ಸುದ್ದಿ ತಂದ. ಸುರೇಖಾ ಈಗ ಹಾವೇರಿಯ ಒಂದು ಹೈಸ್ಕೂಲಿನಲ್ಲಿ ಆಟದ ಟೀಚರು. ಶಾಲೆಗೆ ಯಾರೋ ಆರು ಬ್ಯಾಟು ದಾನ ಕೊಟ್ಟಿದ್ದಾರೆ, ಆರಕ್ಕೂ ಗಟ್ ಹಾಕಬೇಕು, ಅಲ್ಲಾಬಕ್ಷ ಕಾಕಾನೇ ಬರಬೇಕು ಅಂದಿದ್ದಾಳೆ. ಅವನು ತಕ್ಕಡಿ ಮಷಿನ್ನನ್ನು ಗೋಣಿಚೀಲದಲ್ಲಿ ಕಟ್ಟಿದ. ದುಪಟ್ಟಾ ಸುತ್ತಿದ ಬ್ಯಾಟನ್ನೂ ಇಳಿಸಿಕೊಂಡ. ಹಾವೇರಿಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದೇ ಮಾತನ್ನು ಒಳಗೊಳಗೇ ಹೇಳಿ ನೋಡಿದ. ನಾಲಿಗೆಯ ತುದಿಗೆ ಬರುವಷ್ಟರಲ್ಲಿ ಪ್ರತಿ ಸಲವೂ ಅದು ಬೇರೆ ಮಾತಾಗುತ್ತಿತ್ತು.

ಶಾಲೆಯ ಬಯಲಿನಲ್ಲಿ ಹನ್ನೆರಡು ಹುಡುಗಿಯರು ಸಾಲಾಗಿ ನಿಂತಿದ್ದರು. ಸುರೇಖಾ ಮೈ ತುಂಬಿಕೊಂಡಿದ್ದಳು, ಕೊರಳಲ್ಲಿ ಸೀಟಿ. ಗಿಡದ ನೆರಳಿಗೆ ಜಮಖಾನ ಹಾಸಿಸಿ, "ಕುಂದರ್ರಿ ಕಾಕಾ" ಎಂದು ನೀರು ತರಿಸಿ ಕೊಟ್ಟಳು. ಆಮೇಲೆ ಹುಡುಗಿಯರ ಕಡೆ ತಿರುಗಿದಳು.

"ನೋಡ್ರಿ, ಇವ್ರ ಅಲ್ಲಾಬಕ್ಷ ಕಾಕಾ. ಆಡೋರ್ನ ಕೇಳದ ಇವ್ರು ಬ್ಯಾಟು ಮುಟ್ಟಾಂಗಿಲ್ಲ. ಒಬ್ಬೊಬ್ಬರ ಬಂದು ಹೆಂಗ ಹೊಡೀತೀರಿ ತೋರಸ್ರಿ."

ಅಲ್ಲಾಬಕ್ಷ ಗೋಣಿಚೀಲದ ಗಂಟು ಬಿಚ್ಚುವುದನ್ನು ನಿಲ್ಲಿಸಿದ. ಅವಳನ್ನೇ ಕೇಳಿರಲಿಲ್ಲ, ಅವಳೇ ಅವನ ಕೇಳುವ ಗುಣ ಹೊಗಳುತ್ತಿದ್ದಳು. ಹಂಗಿಸುತ್ತಿದ್ದಾಳೋ ಎಂದು ಮುಖ ನೋಡಿದ. ಇಲ್ಲ, ಮುಖದಲ್ಲಿ ಅಭಿಮಾನ ಬಿಟ್ಟು ಬೇರೇನೂ ಇರಲಿಲ್ಲ.

ನಾಲ್ಕನೆಯವಳು ಗುಡ್ಡವ್ವ, ಗುತ್ತಲದ ಕಡೆಯ ಹುಡುಗಿ. ಸುರೇಖಾಳ ಬ್ಯಾಟು ಇಸಿದುಕೊಂಡು ಚೆಂಡು ಮೇಲೆ ಹಾರಿಸಿ, ಅದು ಇಳಿಯುತ್ತಿದ್ದಂತೆ ಶಾಲೆಯ ಗೋಡೆಗೆ ಬಾರಿಸಿದಳು. ಛಟ್ ಎಂದು ಸದ್ದಾಗಿ ಗೋಡೆಯ ಸುಣ್ಣ ಉದುರಿತು. ಚಪ್ಪಟೆ, ನೇರ, ಗಟ್ಟಿ ಹೊಡೆತ. ಅಲ್ಲಾಬಕ್ಷ ಕುಳಿತಲ್ಲೇ ನೆಟ್ಟಗಾದ.

ಸುರೇಖಾ ಅವಳ ಮಣಿಕಟ್ಟು ಹಿಡಿದು ಕೆಳಗಿಳಿಸಿದಳು. "ಹಂಗಲ್ಲ ಗುಡ್ಡವ್ವ. ಕೈ ಹಗರ ಮಾಡು. ಹೆಣ್ಮಕ್ಕಳು ಅಷ್ಟ ಜೋರ ಹೊಡದ್ರ ಚೆಂಡು ಹೊರಗ ಹೋಗತೈತಿ. ನನಗೂ ಇದ ಚಟ ಇತ್ತು, ಈ ಕಾಕಾನ ತಿದ್ದಿದ್ರು."

"ಆತ್ರಿ ಟೀಚರ" ಎಂದಳು ಗುಡ್ಡವ್ವ. ಆ 'ಆತ್ರಿ' ಅವನು ನಾಲ್ಕು ವರ್ಷದ ಹಿಂದೆ ಕೇಳಿದ್ದೇ.

"ಅದು ಸುಳ್ಳ ಐತಿ" ಎಂದ ಅಲ್ಲಾಬಕ್ಷ. ದನಿ ಸಣ್ಣದಾಗಿ ಬಂತು. ಎದ್ದು ನಿಂತು ಮತ್ತೆ ಹೇಳಿದ. "ನಾ ಹೇಳಿದ್ದು ಸುಳ್ಳ ಐತಿ ಯವ್ವಾ. ನಿನ್ನ ಕೈಯಾಗ ಏನೂ ತಪ್ಪ ಇರಲಿಲ್ಲ. ಬ್ಯಾಟು ನಿನಗ ತಕ್ಕದ್ದಲ್ಲ. ಹೆಣ್ಣಕೂಸು ಅಂತ ಕೇಳದನ ಕೊಟ್ಟೆ. ನೀ ತಿರುಗಿ ಬಂದಾಗ ಗಟ್ ನೋಡಿದ ಕೂಡ್ಲೇ ನನಗ ತಿಳೀತು. ಮಂದಿ ಕುಂತಿದ್ರು. ನಾಚಿಕಿ ಬಂತು, ನಿನ್ನ ಮ್ಯಾಲ ಹಾಕಿದೆ."

ಸುರೇಖಾ ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಳು.

"ನನಗ ತಕ್ಕ ಬ್ಯಾಟು ಇತ್ತೇನ್ರಿ ಆವಾಗ?"

"ಇತ್ತು. ಆ ಬ್ಯಾಂಕಿನ ಸಾಹೇಬ್ರ ತೊಡಿ ಮ್ಯಾಲ."

ಅವನು ದುಪಟ್ಟಾ ಬಿಚ್ಚಿ ನೀಲಿ ಬ್ಯಾಟನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದ. ಅವಳು ಬಹಳ ಹೊತ್ತು ಅದನ್ನು ನೋಡಿದಳು, ಮುಟ್ಟಲಿಲ್ಲ. ಆಮೇಲೆ, "ಗುಡ್ಡವ್ವ, ತಗೋ. ಈಗ ಹೊಡಿ. ನಿನಗ ಎಷ್ಟು ಬೇಕೋ ಅಷ್ಟ ಜೋರ" ಎಂದಳು. ಗುಡ್ಡವ್ವ ಬ್ಯಾಟು ಇಸಿದುಕೊಂಡು ಗೋಡೆಯ ಕಡೆ ಓಡಿದಳು. ಒಂದಾದ ಮೇಲೊಂದು ಛಟ್ ಛಟ್ ಎಂಬ ಸದ್ದು ಕೇಳತೊಡಗಿತು.

ಅಲ್ಲಾಬಕ್ಷ ಕುಳಿತು ಮಷಿನ್ ಜೋಡಿಸಿದ. ಉಳಿದ ಹುಡುಗಿಯರು ಬಂದರು, ಕೇಳಿದ, ತೋರಿಸಿದರು, ಆರರಲ್ಲಿ ಯಾವುದು ಯಾರ್ಯಾರಿಗೆ ಎಂದು ಗುರುತು ಹಾಕಿದ. ಸಾಲು ಮುಗಿಯಿತು ಎಂದು ತಲೆ ಎತ್ತಿದರೆ ಕೊನೆಯಲ್ಲಿ ಸುರೇಖಾ ನಿಂತಿದ್ದಳು. ಕೈಯಲ್ಲಿ ತನ್ನದೇ ಬ್ಯಾಟು, ಅಗಲ ಹೆಣಿಕೆಯದು. ಗಟ್ ಹಳದಿಯಾಗಿತ್ತು.

"ನನಗೂ ಕೇಳ್ರಿ ಕಾಕಾ" ಎಂದಳು.

ಅವನು ಕೇಳಿದ. "ಹೆಂಗ ಹೊಡೀತಿ ಯವ್ವಾ? ತೋರಸು."

ಅವಳು ಬ್ಯಾಟನ್ನು ಹಿಂದಕ್ಕೆ ಎತ್ತಿದಳು. ಕೈ ಅರ್ಧಕ್ಕೆ ನಿಂತಿತು. ಗೋಡೆಯ ಹತ್ತಿರ ಗುಡ್ಡವ್ವ ಹೊಡೆಯುವುದನ್ನು ನೋಡಿದಳು, ತನ್ನ ಕೈಯನ್ನು ನೋಡಿಕೊಂಡಳು, ಮೆಲ್ಲಗೆ ಬ್ಯಾಟು ಕೆಳಗಿಳಿಸಿದಳು.

"ನೆನಪ ಆಗವಲ್ದರಿ ಕಾಕಾ" ಎಂದಳು.

ಅಲ್ಲಾಬಕ್ಷ ತಕ್ಕಡಿ ಮಷಿನ್ನಿನ ಗುಂಡಿನ ಮೇಲೆ ಕೈ ಇಟ್ಟುಕೊಂಡು ಕುಳಿತಿದ್ದ. ಅದನ್ನು ಎಲ್ಲಿಗೆ ಸರಿಸಬೇಕು ಎಂದು ಅವನಿಗೆ ತಿಳಿಯಲಿಲ್ಲ.